ಕತ್ತಲೆಕಾನಿನ ಮೊಣಕಾಲು ಬೇರುಗಳು

ಮಳೆಗಾಲದ ಮೊದಲಲ್ಲಿ ಎಷ್ಟು ಸಸಿ ನೆಟ್ಟೆವೆಂಬ ಲೆಕ್ಕ ಕಿವಿಗೆ ಬಿದ್ದಾಗಲೆಲ್ಲ ನನಗೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ನೆನಪಾಗುತ್ತದೆ. 1950ರಲ್ಲಿ ಮೊದಲಾದ ವನಮಹೋತ್ಸವವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕಾಡನ್ನು ತಲೆಯೆಣಿಕೆಯಿಂದ ಅಳೆಯುವ ಅಭ್ಯಾಸ ನಮಗೆ ಅಂಟಿಕೊಂಡಿದೆಯಲ್ಲ, ಅದರ ಮೇಲೆ ನನ್ನ ತಕರಾರು.

ಹೆಸರಿಗೆ ತಕ್ಕ ಆ ಕಾನಿನೊಳಗೆ ಹಳ್ಳದ ನೀರು ಹರಡಿ ನಿಂತ ಜೌಗಿನಲ್ಲಿ ಕಾಡುಜಾಯಿಕಾಯಿಯ ಬಳಗದ ಮರಗಳು ಬೆಳೆದಿವೆ. ಸದಾ ನೆನೆದ ಕೆಸರಿನಲ್ಲಿ ಗಾಳಿಯಾಡದು; ಸಾಮಾನ್ಯ ಮರದ ಬೇರು ಅಲ್ಲಿ ಉಸಿರುಕಟ್ಟಿ ಕೊಳೆಯುತ್ತದೆ. ಈ ಬಳಗದ ಒಂದು ಮರ ಕಾಂಡದಿಂದಲೇ ಬೇರುಗಳನ್ನು ಇಳಿಬಿಟ್ಟು ಊರುಗೋಲುಗಳ ಮೇಲೆ ನಿಂತಂತೆ ನಿಲ್ಲುತ್ತದೆ. ಇನ್ನೊಂದು, ನೆಲದೊಳಗಿನ ಬೇರನ್ನೇ ಮಡಿಸಿದ ಮೊಣಕಾಲಿನಂತೆ ಕೆಸರಿನ ಮೇಲಕ್ಕೆತ್ತಿ ಗಾಳಿ ಸೇದುತ್ತದೆ. ನೋಡುತ್ತ ನಡೆದ ನಾನು ಎರಡು ಸಲ ಎಡವಿದೆ. ಓದಿಕೊಂಡು ಹೋದದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬರಲಿಲ್ಲ. ಇಲ್ಲಿ ಬಾಳತಕ್ಕವರು ಯಾರೆಂಬ ತೀರ್ಪನ್ನು ಮೊದಲು ಕೊಡುವುದು ನೀರು.

ಎರಡನೆಯ ತೀರ್ಪು ನೆರಳಿನದು. ಕತ್ತಲಲ್ಲಿ ಮೊಳೆಯುವ ಸಸಿಗೆ ಬಿಸಿಲಿನ ನೆರವಿಲ್ಲ. ತಾಯಿಮರ ಕಟ್ಟಿಕೊಟ್ಟ ಬುತ್ತಿಯೇ ಆಧಾರ. ಆದ್ದರಿಂದ ಬೀಜ ದಪ್ಪ. ದಪ್ಪ ಬೀಜವನ್ನು ಗಾಳಿ ಒಯ್ಯಲಾರದು. ಬಣ್ಣದ ಪತ್ರೆಗೆ ಮನಸೋತು ಅದನ್ನು ನುಂಗಿ ದೂರದಲ್ಲಿ ಉಗುಳಲು ಮಂಗಟ್ಟೆಯಂಥ ಹಕ್ಕಿ ಬೇಕು. ರಾಗಿಯಂತೆ ಒಣಗಿಸಿ ಕಣಜದಲ್ಲಿಡೋಣವೆಂದರೆ, ಒಣಗಿದ ಬೀಜ ಸತ್ತ ಬೀಜ. ಹೀಗೆ ಒಂದು ಗುಣ ಇನ್ನೊಂದನ್ನು ಎಳೆದು ತಂದು, ಆ ನೆರೆಹೊರೆಯೇ ಕಟ್ಟಿಕೊಂಡಿದೆ. ಗೇರಿನ ಬಳಗದ ಒಂದು ಮರಕ್ಕಂತೂ 2000ದಲ್ಲಿ ಶಾಸ್ತ್ರಜ್ಞರು ಕತ್ತಲೆಕಾನಿನ ಹೆಸರನ್ನೇ ಇಟ್ಟರು.

ಈ ನೀರನ್ನು ಕಾಲುವೆ ತೋಡಿ ತೋಟಕ್ಕೋ ಗದ್ದೆಗೋ ತಿರುಗಿಸಿದೆವೆನ್ನಿ. ಒಂದು ಮರವನ್ನೂ ಕಡಿಯಬೇಕಾಗಿಲ್ಲ. ನೆಲ ಒಣಗಿತೆಂದರೆ ಮೊಣಕಾಲು ಬೇರಿನ ಹೆಚ್ಚುಗಾರಿಕೆ ಮುಗಿಯಿತು; ಉದುರಿದ ಬೀಜ ಮೊಳೆಯುವ ಮುನ್ನವೇ ಬತ್ತುತ್ತದೆ; ಬಿಸಿಲು ಬಿದ್ದೆಡೆಗೆ ಹಗುರ ಬೀಜದ, ಅವಸರದ ಗಿಡಗಳು ನುಗ್ಗುತ್ತವೆ. ಹಳೆಯ ಮರಗಳು ಹಲವು ವರ್ಷ ನಿಂತೇ ಇರುವುದರಿಂದ ಗಣತಿದಾರನಿಗೆ ನಷ್ಟವೇನೂ ತೋರದು. ಅವುಗಳ ಕೆಳಗೆ ಸಂತತಿ ಮಾತ್ರ ಇರುವುದಿಲ್ಲ.

ಬದಲಿಗೆ ಬೇರೆಡೆ ಅಕೇಶಿಯ ನೆಟ್ಟರಾಯಿತೆಂಬ ಸಮಾಧಾನವನ್ನು ನಾನು ಒಪ್ಪಲಾರೆ. ಬಡ ನೆಲದಲ್ಲೂ ಬಿಸಿಲುಂಡು ಬೇಗ ಬೆಳೆಯುವುದು ಅದರ ಗುಣ, ಸೌದೆಗೆ ಒಳ್ಳೆಯದೇ. ಜೌಗಿನ ಕೆಲಸ ಅದರಿಂದಾಗದು. ಉಪಾಧ್ಯಾಯ ಮಿತ್ರರು ಸಸಿಯನ್ನು ಮಕ್ಕಳ ಕೈಗೆ ಕೊಡುವಾಗ, ಇದರ ಬೇರು ಯಾವ ನೀರಿಗೆ ಒಗ್ಗಿದ್ದು, ಬೀಜವನ್ನು ಯಾವ ಹಕ್ಕಿ ಒಯ್ಯುತ್ತದೆ ಎಂದೂ ಕೇಳಲಿ. ಕತ್ತಲೆಕಾನಿನಂಥ ಕಡೆಗಳಲ್ಲಂತೂ ಗುದ್ದಲಿ ಹಿಡಿಯುವ ಮೊದಲು ಆಗಬೇಕಾದದ್ದು, ಹಳ್ಳವನ್ನು ಅದರ ಪಾಡಿಗೆ ಹರಿಯಬಿಡುವ ಕೆಲಸ.