ಪಾಳಿ ಬದಲಾದರೂ ಮಾತ್ರೆಯ ವೇಳೆ ಬದಲಾಗಬಾರದು

ಚನ್ನರಾಯಪಟ್ಟಣ (ದೇವನಹಳ್ಳಿ ತಾಲ್ಲೂಕು): ಭೂಸ್ವಾಧೀನ ವಿರೋಧಿ ಹೋರಾಟದಿಂದ ರಾಜ್ಯದ ಗಮನ ಸೆಳೆದ ಹೋಬಳಿ ಇದು. 2025ರ ಜುಲೈನಲ್ಲಿ ಸರ್ಕಾರ 13 ಗ್ರಾಮಗಳ 1,777 ಎಕರೆ ಸ್ವಾಧೀನವನ್ನು ಕೈಬಿಟ್ಟಿತು. ಹೊಲಗಳು ಉಳಿದವು. ಆದರೆ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ ತಾಲ್ಲೂಕಿನ ದಿನಚರಿ ಹೊಲದ್ದಾಗಿ ಉಳಿದಿಲ್ಲ. ಪಾಳಿಯ ಮೇಲೆ ದುಡಿಯುವ ಮಹಿಳೆಯರ ಪಾಲಿಗೆ ನಿದ್ರೆ, ಊಟಗಳ ಜೊತೆಗೆ ದಿನವೂ ನುಂಗಬೇಕಾದ ಮಾತ್ರೆಯ ವೇಳೆಯೂ ಏರುಪೇರಾಗುತ್ತದೆ. ಪ್ರೊಜೆಸ್ಟೋಜೆನ್ ಮಾತ್ರವೇ ಇರುವ ಗರ್ಭನಿರೋಧಕ ಮಾತ್ರೆ, ಅಂದರೆ 'ಮಿನಿ ಪಿಲ್', ಈ ಏರುಪೇರನ್ನು ಸುಲಭವಾಗಿ ಸಹಿಸುವುದಿಲ್ಲ.

ಮಾಲಾ-ಎನ್‌ನಂತಹ ಸಾಮಾನ್ಯ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಕೂಡ ಇರುತ್ತದೆ. ಮಿನಿ ಪಿಲ್‌ನಲ್ಲಿ ಅದಿಲ್ಲ. ಆದ್ದರಿಂದಲೇ ಹಾಲೂಡಿಸುವ ತಾಯಂದಿರಿಗೆ, ರಕ್ತದೊತ್ತಡ ಅಥವಾ ತೀವ್ರ ಮೈಗ್ರೇನ್ ಇರುವವರಿಗೆ ವೈದ್ಯರು ಇದನ್ನು ಸೂಚಿಸುವುದುಂಟು. ಆದರೆ ಲಿವೊನಾರ್ಜೆಸ್ಟ್ರೆಲ್‌ನಂತಹ ಹಳೆಯ ಬಗೆಯ ಮಿನಿ ಪಿಲ್ 3 ಗಂಟೆ ತಡವಾದರೆ ತಪ್ಪಿದಂತೆಯೇ ಲೆಕ್ಕ. ಡೆಸೊಜೆಸ್ಟ್ರೆಲ್ ಬಗೆಗೆ 12 ಗಂಟೆಗಳ ಅವಕಾಶವಿದೆ. ತಾವು ನುಂಗುತ್ತಿರುವುದು ಯಾವ ಬಗೆ ಎಂಬುದು ಸ್ಟ್ರಿಪ್ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆ. ಅದನ್ನು ಓದುವವರು ಎಷ್ಟು ಮಂದಿ?

ಅವಧಿ ಮೀರಿದರೆ ನೆನಪಾದ ಕೂಡಲೇ ಒಂದನ್ನು ನುಂಗಿ, ಮುಂದಿನದನ್ನು ಎಂದಿನ ವೇಳೆಗೇ ತೆಗೆದುಕೊಳ್ಳಬೇಕು. ಕನಿಷ್ಠ 2 ದಿನ ಕಾಂಡೋಮ್ ಬಳಸಬೇಕು. ನುಂಗಿದ 3 ಗಂಟೆಯೊಳಗೆ ವಾಂತಿಯಾದರೂ ಮತ್ತೊಂದು ಮಾತ್ರೆ ಅಗತ್ಯ. ಸಾಮಾನ್ಯವಾಗಿ ಸ್ಟ್ರಿಪ್ ಮುಗಿದ ಮರುದಿನವೇ ಹೊಸತನ್ನು ಆರಂಭಿಸಬೇಕು, ನಡುವೆ ಬಿಡುವಿಲ್ಲ. ಬೆಳಗಿನ, ಮಧ್ಯಾಹ್ನದ, ರಾತ್ರಿಯ ಮೂರೂ ಪಾಳಿಗಳಲ್ಲಿ ಎಚ್ಚರವಿರುವ ವೇಳೆಯನ್ನು, ಉದಾಹರಣೆಗೆ ರಾತ್ರಿ 9 ಗಂಟೆಯನ್ನು, ಆರಿಸಿಕೊಂಡು ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡರೆ ಅರ್ಧ ತೊಡಕು ನೀಗುತ್ತದೆ. ಆಗ ಸ್ಟ್ರಿಪ್ ಮನೆಯ ಕಪಾಟಿನಲ್ಲಿರದೆ ಕೈಚೀಲದಲ್ಲಿರಬೇಕಾಗುತ್ತದೆ. ಅತ್ತೆ, ಗಂಡನ ಕಣ್ಣು ತಪ್ಪಿಸಿ ನುಂಗುವವರಿಗೆ ಇದು ಹೇಳಿದಷ್ಟು ಸುಲಭವಲ್ಲ.

ಔಷಧ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ತುರ್ತು ಮಾತ್ರೆಯ ವಿಷಯವೇ ಬೇರೆ. ಅದರಲ್ಲಿರುವುದೂ ಪ್ರೊಜೆಸ್ಟೋಜೆನ್ನೇ, ಪ್ರಮಾಣ ಮಾತ್ರ 1.5 ಮಿಲಿಗ್ರಾಂ. ದಿನದ ಲಿವೊನಾರ್ಜೆಸ್ಟ್ರೆಲ್ ಮಾತ್ರೆಯಲ್ಲಿರುವುದು 0.03 ಮಿಲಿಗ್ರಾಂ. ಅಂದರೆ 50 ಪಟ್ಟು ಅಂತರ! ಸಂಪರ್ಕದ 72 ಗಂಟೆಯೊಳಗೆ ಒಮ್ಮೆ ಬಳಸಬೇಕಾದ ಇದನ್ನು ತಿಂಗಳಿಗೆ ಹಲವು ಬಾರಿ ನುಂಗಿದರೆ ಮುಟ್ಟು ಏರುಪೇರಾಗುತ್ತದೆ, ನಿತ್ಯದ ಮಾತ್ರೆಯಷ್ಟು ರಕ್ಷಣೆಯೂ ದೊರೆಯದು. ಸರ್ಕಾರಿ 'ಛಾಯಾ' ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಮೊದಲ 3 ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು. ಒಂದರ ಕ್ರಮವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಗರ್ಭ ನಿಲ್ಲುವುದು ಖಚಿತವಲ್ಲದಿದ್ದರೂ ಅಚ್ಚರಿಯಲ್ಲ.

ಕ್ಷಯಕ್ಕೆ ನೀಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳು ಮಿನಿ ಪಿಲ್‌ನ ಬಲವನ್ನು ಕುಗ್ಗಿಸುತ್ತವೆ. ಆದ್ದರಿಂದ ಇತರ ಔಷಧಗಳ ವಿವರವನ್ನು ವೈದ್ಯರಿಂದ ಮುಚ್ಚಿಡಬಾರದು. ಸ್ತನ ಕ್ಯಾನ್ಸರ್ ಇರುವವರಿಗೆ ಇದು ಸಲ್ಲದು. ತೀವ್ರ ಯಕೃತ್ತಿನ ಕಾಯಿಲೆ ಇದ್ದರೂ ಸಾಮಾನ್ಯವಾಗಿ ನೀಡುವುದಿಲ್ಲ. ಮಧ್ಯೆ ಮಧ್ಯೆ ಸ್ವಲ್ಪ ರಕ್ತ ಕಾಣಿಸುವುದು ಸಾಮಾನ್ಯ. ಅನೇಕರು ಮಾತ್ರೆ ಬಿಡುವುದೂ ಇದರ ಗಾಬರಿಯಿಂದಲೇ. ಆದರೆ ಮುಟ್ಟು ನಿಂತು ಕೆಳಹೊಟ್ಟೆಯ ಒಂದು ಬದಿ ತೀವ್ರವಾಗಿ ನೋಯತೊಡಗಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದ ಹೊರಗೆ ಗರ್ಭ ನಿಂತಿರುವ ಸಾಧ್ಯತೆಯಿರುತ್ತದೆ.

ಬ್ರಿಟನ್ 2021ರಲ್ಲಿ ಡೆಸೊಜೆಸ್ಟ್ರೆಲ್ ಅನ್ನು ಫಾರ್ಮಸಿಸ್ಟ್ ಸಲಹೆಯೊಂದಿಗೆ ಚೀಟಿಯಿಲ್ಲದೆ ಕೊಳ್ಳಲು ಅನುವು ಮಾಡಿತು. ಅಮೆರಿಕ 2023ರಲ್ಲಿ ನಾರ್ಜೆಸ್ಟ್ರೆಲ್ ಮಿನಿ ಪಿಲ್‌ಗೆ ಅದೇ ದಾರಿ ತೆರೆಯಿತು. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮುಂದಾದ ಮೈಸೂರು ಸಂಸ್ಥಾನದ ನೆಲದಲ್ಲಿ ಇಂದಿಗೂ ಕುಟುಂಬ ಯೋಜನೆಯೆಂದರೆ ಬಹುತೇಕ ಹೆಂಗಸರ ಶಸ್ತ್ರಚಿಕಿತ್ಸೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತೆಯರ ಪೈಕಿ ಶೇ 57ರಷ್ಟು ಮಂದಿ ಅದನ್ನೇ ಅವಲಂಬಿಸಿದ್ದರು. ದಿನದ ವೇಳೆ ಪಾಲಿಸಲಾಗದವರಿಗೆ 3 ತಿಂಗಳಿಗೊಮ್ಮೆ ನೀಡುವ 'ಅಂತರಾ' ಚುಚ್ಚುಮದ್ದು ಸರ್ಕಾರದ ಯೋಜನೆಯಡಿ ಉಚಿತ. ಅದರಲ್ಲಿರುವುದೂ ಪ್ರೊಜೆಸ್ಟೋಜೆನ್ನೇ.