ಕಣಗಿಲೆ: ಮುಡಿಗೆ ಸಲ್ಲುವುದು, ಬಾಯಿಗೆ ಸಲ್ಲದು

ಶಿವಪೂಜೆಗೆ ಪ್ರಿಯವೆನಿಸಿದ ಕಣಗಿಲೆಯನ್ನು ಅರಿಯದ ಕನ್ನಡಿಗರು ವಿರಳ. ಮೆಡಿಟರೇನಿಯನ್ ತೀರದಿಂದ ಹಿಮಾಲಯದ ತಪ್ಪಲಿನವರೆಗೆ ಹಳ್ಳಕೊಳ್ಳಗಳ ಬದಿಯಲ್ಲಿ ತಾನಾಗಿಯೇ ಬೆಳೆಯುವ ಈ ನಿತ್ಯಹರಿದ್ವರ್ಣದ ಪೊದೆಯ ಬೇರು, ತೊಗಟೆ, ಎಲೆ, ಹೂ ಎಲ್ಲವೂ ವಿಷಮಯ. ಆಯುರ್ವೇದವು ಕರವೀರವನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಇದರಲ್ಲಿರುವ ಒಲಿಯಾಂಡ್ರಿನ್ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿಸಿದರೂ ಕುದಿಸಿದರೂ ವಿಷವು ಹೋಗುವುದಿಲ್ಲ.

ಪರಭಾಷಾ ನಾಡಿನಲ್ಲಿ ನೆಲೆಸಿದವರಿಗೆ ಇನ್ನೊಂದು ಅಪಾಯವುಂಟು, ಅದು ಹೆಸರಿನದು. ಕಣಗಿಲೆಗೆ ತೆಲುಗಿನಲ್ಲಿ ಗನ್ನೇರು ಎನ್ನುತ್ತಾರೆ. ಆದರೆ ಬಿಳ್ಳ ಗನ್ನೇರು ಎಂದರೆ ಕನ್ನಡದ ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆ. ದೇವ ಗನ್ನೇರು ಎಂದರೆ ದೇವಗಣಗಿಲೆ. ಸಕ್ಕರೆ ಕಾಯಿಲೆಗೆ ಬಿಳ್ಳ ಗನ್ನೇರಿನ ಎಲೆ ಒಳ್ಳೆಯದೆಂಬ ಮನೆಮದ್ದಿನ ಮಾತು ಬಳಕೆಯಲ್ಲಿದೆ. ದ್ವಾರಕಾ ನಗರದ ಮನೆಯೊಂದರಲ್ಲಿ ಈ ಸಲಹೆಯನ್ನು ಅರೆಬರೆಯಾಗಿ ಕೇಳಿದ ಕನ್ನಡದ ಅಜ್ಜಿ ‘ಗನ್ನೇರು’ ಎಂಬಷ್ಟನ್ನೇ ನೆನಪಿಟ್ಟು ಕಣಗಿಲೆಯ ಎಲೆಯನ್ನು ಅರೆದರೆ ಗತಿಯೇನು? ನಿತ್ಯಪುಷ್ಪವೂ ಅಡುಗೆಮನೆಯ ಔಷಧಿಯಲ್ಲ. ಅದರಿಂದ ತೆಗೆಯುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್‌ಗಳು ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕಾದ ಕ್ಯಾನ್ಸರ್ ಮದ್ದುಗಳು. ಇನ್ನು ಹಳದಿ ಕಣಗಿಲೆಯ ಬೀಜವಾದ ‘ಗನ್ನೇರು ಪಪ್ಪು’ ಎಂಬ ಹೆಸರೇ ತೆಲುಗರಿಗೆ ವಿಷದ ನೆನಪು ತರುತ್ತದೆ.

ಹಾಗೆಂದು ಗಿಡಗಳನ್ನೆಲ್ಲ ಕಿತ್ತೊಗೆಯಬೇಕೆನ್ನುವುದು ಅತಿರೇಕ. ಅಮೆರಿಕದ ಬೆಟ್ಟದ ಇಳಿಜಾರುಗಳಲ್ಲಿ ಬೆಳೆಯುವ ಮೌಂಟನ್ ಲಾರೆಲ್ ಕೂಡ ವಿಷದ ಪೊದೆಯೇ. ಆದರೂ ಕನೆಕ್ಟಿಕಟ್ ರಾಜ್ಯವು 1907ರಲ್ಲಿ ಅದನ್ನೇ ರಾಜ್ಯಪುಷ್ಪವಾಗಿ ಆರಿಸಿತು. ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆಯನ್ನು ನಿಲ್ಲಿಸಿದವು. ಈ ವಿವೇಕವು ಪ್ರತಿಯೊಂದು ಮನೆಯ ದೇವರ ಕೋಣೆಗೂ ಬರಬೇಕು. ಹೂವು ದೇವರ ಮುಡಿಗಿರಲಿ. ತೀರ್ಥದ ಬಟ್ಟಲಿಗೂ ಪ್ರಸಾದದ ತಟ್ಟೆಗೂ ಬೀಳದಿರಲಿ. ಮಕ್ಕಳಾಡುವ ಅಂಗಳದಲ್ಲಿ ಗಿಡ ಬೇಡ. ಕತ್ತರಿಸಿದ ಕೊಂಬೆಗಳನ್ನು ಸುಡಲೂ ಬಾರದು, ಹೊಗೆಯೂ ವಿಷವೇ.

ಯಾರಾದರೂ ತಿಂದುದು ತಿಳಿದರೆ, ವಾಂತಿ, ತಲೆಸುತ್ತು, ನಾಡಿಯ ಏರುಪೇರುಗಳಿಗಾಗಿ ಕಾಯಬಾರದು. ವಾಂತಿ ಮಾಡಿಸಲು ಯತ್ನಿಸದೆ, 108ಕ್ಕೆ ಕರೆಮಾಡಿ, ಗಿಡದ ತುಂಡೊಂದರೊಡನೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ಹೆಸರು ಹೇಳಲು ಭಾಷೆ ತೊಡಕಾದೀತು. ಕೈಯಲ್ಲಿರುವ ಎಲೆಯನ್ನು ವೈದ್ಯರು ಗುರುತಿಸಬಲ್ಲರು.