ಸಮಾವರ್ತನ

ನಮ್ಮ ಪೂರ್ವಿಕರು ವಿದ್ಯಾಭ್ಯಾಸದ ಕೊನೆಯಲ್ಲಿ ಸಮಾವರ್ತನವೆಂಬ ಸಂಸ್ಕಾರವೊಂದನ್ನು ಇಟ್ಟಿದ್ದರು. ಆ ಶಬ್ದದ ಅರ್ಥವೇ ಹಿಂದಿರುಗುವುದು. ಗುರುಕುಲಕ್ಕೆ ಹೋದ ವಟುವು ಸ್ನಾತಕನಾಗಿ ಮನೆಗೆ ಮರಳಿದಾಗಲೇ ಅವನ ಓದು ಮುಗಿಯಿತೆಂದು ಲೆಕ್ಕ. (ಆ ಭಾಗ್ಯವು ಎಲ್ಲರ ಮಕ್ಕಳಿಗೂ ಇರಲಿಲ್ಲವೆಂಬುದನ್ನು ಮರೆಮಾಚಲಾಗದು.) ಕೆನಡಾ ದೇಶದ ಮೂಲನಿವಾಸಿಗಳ ಮಕ್ಕಳಲ್ಲಿ ಅನೇಕರು ವಿಶ್ವವಿದ್ಯಾನಿಲಯವನ್ನು ಅರ್ಧದಲ್ಲಿಯೇ ಏಕೆ ಬಿಡುವರೆಂದು ವಿಚಾರಿಸುವಾಗ ಈ ಶಬ್ದವು ಬಹಳ ಉಪಯೋಗಕ್ಕೆ ಬರುವುದು.

ಬುದ್ಧಿ ಸಾಲದು, ಶ್ರದ್ಧೆ ಸಾಲದು ಎಂದುಬಿಡುವುದು ಸುಲಭ. ಉಪಾಧ್ಯಾಯರಾದ ನಮ್ಮಲ್ಲಿ ಈ ಚಾಳಿಯು ಹೆಚ್ಚು. ಆದರೆ ಅಲ್ಲಿಯ ಚರಿತ್ರೆಯನ್ನು ನೋಡಿರಿ. ಬಿಳಿಯರು ಆ ಮೂಲನಿವಾಸಿಗಳನ್ನು ‘ಇಂಡಿಯನ್’ ಎಂದು ಕರೆಯುತ್ತಿದ್ದರು. 1876ರ ಇಂಡಿಯನ್ ಆಕ್ಟ್ ಎಂಬ ಕಾನೂನಿನಂತೆ, ಅವರಲ್ಲೊಬ್ಬನು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದನೆಂದರೆ ಅಷ್ಟರಿಂದಲೇ ಅವನು ಕಾನೂನಿನ ದೃಷ್ಟಿಯಲ್ಲಿ ತನ್ನ ಜನದವನಲ್ಲವಾಗುತ್ತಿದ್ದನು! 1880ರಲ್ಲಿ ಆ ಕಟ್ಟು ಸಡಿಲವಾಯಿತು. ಓದೆಂದರೆ ತನ್ನವರನ್ನು ತೊರೆಯುವುದೆಂಬ ಶಂಕೆಯು ಮಾತ್ರ ಸಡಿಲವಾಗಲಿಲ್ಲ. ಮುಂದೆ ಸುಮಾರು 1,50,000 ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿ ವಸತಿಶಾಲೆಗಳಲ್ಲಿ ಇರಿಸಿದರು. ಅಲ್ಲಿ ತಾಯಿನುಡಿಯನ್ನಾಡಿದರೆ ದಂಡನೆ. ಇಂತಹ ಶಾಲೆಗಳಲ್ಲಿ ಕಡೆಯವು ಮುಚ್ಚಿದ್ದು 1990ರ ದಶಕದಲ್ಲಿ. ಅಜ್ಜಿಯ ಬಾಯಿಂದ ಮಾತನ್ನು ಕಿತ್ತುಕೊಂಡ ವಿದ್ಯೆಯನ್ನು ಮೊಮ್ಮಗಳು ನಿಶ್ಶಂಕೆಯಿಂದ ಹೇಗೆ ನಂಬಿಯಾಳು?

ವಿನ್ಸೆಂಟ್ ಟಿಂಟೋ ಎಂಬ ಅಮೆರಿಕದ ವಿದ್ವಾಂಸನು 1987ರ ತನ್ನ ಗ್ರಂಥದಲ್ಲಿ, ಕಾಲೇಜು ಸೇರುವುದನ್ನು ಒಂದು ಸಂಸ್ಕಾರಕ್ಕೆ ಹೋಲಿಸಿದನು: ವಿದ್ಯಾರ್ಥಿಯು ಹಳೆಯ ಸಮಾಜದಿಂದ ಬೇರೆಯಾಗಿ, ಹೊಸದರಲ್ಲಿ ಬೆರೆತರೆ ನಿಲ್ಲುವನು, ಇಲ್ಲವಾದರೆ ಹೊರಡುವನು. ಇದಕ್ಕೆ ವಿಲಿಯಂ ಟಿಯರ್ನಿ ಎಂಬವನು 1992ರಲ್ಲಿ, ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳ ವಿಷಯವನ್ನೇ ಹಿಡಿದು ಆಕ್ಷೇಪವೆತ್ತಿದನು. ಸಂಸ್ಕಾರವೆಂಬುದು ತನ್ನವರ ನಡುವೆ ತನ್ನವರಿಂದಲೇ ಆಗತಕ್ಕದ್ದು. ಪರರ ಮನೆಯ ಕರ್ಮವನ್ನು ಇನ್ನೊಬ್ಬರ ಮಗುವಿಗೆ ಮಾಡಿಸಿದರೆ ಅದು ಸಂಸ್ಕಾರವೆನಿಸುವುದೆ? ಈ ವಾದವು ನನಗೆ ಯುಕ್ತವಾಗಿ ಕಾಣುತ್ತದೆ.

ದಿನದಿನದ ತೊಡಕುಗಳೂ ಉಂಟು. ಇವರಲ್ಲಿ ಅನೇಕರು ವಯಸ್ಸಾದ ಮೇಲೆ, ಮಕ್ಕಳನ್ನು ಕಟ್ಟಿಕೊಂಡು ಓದಲು ಬಂದವರು. ಹಣದ ಕಷ್ಟವಂತೂ ಹೇಳುವುದೇ ಬೇಡ. ಚಿಕ್ಕಜ್ಜಿಯೋ ಸೋದರಮಾವನೋ ತೀರಿಕೊಂಡರೆ ನೂರಾರು ಮೈಲಿ ದೂರದ ಊರಿಗೆ ಹೋಗಲೇಬೇಕು. ತಂದೆತಾಯಿ, ಒಡಹುಟ್ಟಿದವರನ್ನು ಮಾತ್ರ ಬಂಧುಗಳೆಂದೆಣಿಸುವ ರಜೆಯ ನಿಯಮಕ್ಕೆ ಆ ದುಃಖವು ತಿಳಿಯದು. ನಮ್ಮ ಮನೆಗಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಲ್ಲುವವರ ಮಾತು. ಕ್ರೀ ಜನಾಂಗದ ವರ್ನಾ ಕರ್ಕ್‌ನೆಸ್ ಎಂಬ ವಿದುಷಿಯು ರೇ ಬಾರ್ನ್‌ಹಾರ್ಟ್ ಎಂಬವರೊಡನೆ 1991ರಲ್ಲಿ ಬರೆದ ಲೇಖನದಲ್ಲಿ ಪ್ರಶ್ನೆಯನ್ನೇ ತಿರುಗಿಸಿದಳು. ವಿದ್ಯಾರ್ಥಿಯಲ್ಲಿ ಏನು ಕೊರತೆ ಎನ್ನುವುದರ ಬದಲು, ವಿದ್ಯಾಲಯದಲ್ಲಿ ಏನು ಕೊರತೆ ಎಂದು ಕೇಳಿದಳು. ಗೌರವ, ಬಾಳಿಗೆ ಸಲ್ಲುವ ಪಾಠ, ಕೊಟ್ಟು ತೆಗೆದುಕೊಳ್ಳುವ ಸಂಬಂಧ, ಹೊಣೆ, ಈ ನಾಲ್ಕನ್ನು ಆಕೆ ಬೇಡಿದಳು. ಮೂರನೆಯದೇ ಅತಿ ಕಷ್ಟದ್ದೆಂದು ನನ್ನ ಎಣಿಕೆ: ಕಲಿಸುವವನೂ ಕಲಿಯಬೇಕಾಗುವುದು. ಆಕೆಯು ಮುಖ್ಯಸ್ಥಳಾಗಿದ್ದ ಕಾಲದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದೊಳಗೆ ಅವರ ಪದ್ಧತಿಯ ಉದ್ದಮನೆಯೊಂದು ದಾರುಮಯವಾಗಿ ಎದ್ದಿತು. 1993ರಲ್ಲಿ ಅದು ತೆರೆಯಿತು. ಪಕ್ಕದಲ್ಲಿ ಅವರದೇ ಪುಸ್ತಕಭಂಡಾರ.

ಅಮೆರಿಕದ ನವಾಹೋ ಜನರು ಇನ್ನೂ ಮೊದಲೇ, 1968ರಲ್ಲಿ, ತಮ್ಮ ನಾಡಿನಲ್ಲಿಯೇ ಸ್ವಂತ ಕಾಲೇಜನ್ನು ಸ್ಥಾಪಿಸಿದರು. ಈಗ ಅದಕ್ಕೆ ಡಿನೇ ಕಾಲೇಜೆಂದು ಹೆಸರು. ಡಿನೇ ಎಂಬುದು ಅವರು ತಮ್ಮನ್ನು ಕರೆದುಕೊಳ್ಳುವ ಮಾತು. ಅಲ್ಲಿ ನವಾಹೋ ಭಾಷೆಯೇ ಪಾಠವಾಗಿದೆ.